ಸಪ್ಪಳ ಡಬ್ಬಿಯದಲ್ಲ

ಅಕ್ಕಾ, ಕಾರಿನಲ್ಲಿ ಟಕ್ ಟಕ್ ಎನ್ನುತ್ತಿದ್ದದ್ದು ನಿನ್ನ ಹಿತ್ತಾಳೆ ಡಬ್ಬಿಯಲ್ಲ. ನನ್ನ ಕಾರೇ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದೆ.

ಇಂಡಿ ಪಟ್ಟಣದ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ಜೀವಮಾನವೆಲ್ಲ ಹುಡುಗರಿಗೆ ‘ನೆಟ್ಟಗೆ ನಿಲ್ಲು’ ಎಂದವನು ನಾನು. ನಿವೃತ್ತನಾಗಿ ಕೊಂಡ ಕಾರು ಪ್ರತಿ ತಿರುವಿನಲ್ಲೂ ಮಗ್ಗುಲಿಗೆ ವಾಲುತ್ತಿತ್ತು. ಸಹಿಸಲಾಗಲಿಲ್ಲ. ಹಿಂದಿನ ಗಾಲಿಗಳ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ರಾಡ್ ಇರುತ್ತದೆ, ಸ್ವೇ ಬಾರ್ ಎನ್ನುತ್ತಾರೆ. ಅದು ದಪ್ಪಗಿದ್ದಷ್ಟೂ ಗಾಡಿ ವಾಲುವುದು ಕಡಿಮೆ ಎಂದು ಮೊಬೈಲಿನಲ್ಲಿ ನೋಡಿದೆ. ಝಳಕಿಯ ಗ್ಯಾರೇಜಿಗೆ ಹೋಗಿ, ಗುಜರಿಗೆ ಬಂದಿದ್ದ ದೊಡ್ಡ ಗಾಡಿಯೊಂದರ ರಾಡ್, ಅದನ್ನು ಹಿಡಿಸಲು ಇನ್ನೊಂದು ಗಾಡಿಯ ರಬ್ಬರ್ ಬುಷ್, ಮತ್ತೊಂದರ ಕ್ಲ್ಯಾಂಪ್ ಆರಿಸಿದೆ.

“ಇವು ಒಂದಕ್ಕೊಂದು ಹೊಂದತಾವೋ ಇಲ್ಲೋ ಗೊತ್ತಿಲ್ರಿ ಸರ,” ಎಂದ ಮೆಕ್ಯಾನಿಕ್.

“ಹೊಂದಲಿಲ್ಲ ಅಂದ್ರ ಬಡದು ಹೊಂದಸು.”

“ಸಾಲಿ ಹುಡುಗ್ರನ್ನೂ ಹಿಂಗ ಹೊಂದಸ್ತಿದ್ರೇನ್ರಿ?”

ಕಾರು ಕವಾಯತಿಗೆ ನಿಂತಂತೆ ನೆಟ್ಟಗಾಯಿತು. ಆಮೇಲೆ — ನೀನು ಹತ್ತಿದೆ.

ತಿಂಗಳಿಗೊಮ್ಮೆ ಸಿಂದಗಿಯಲ್ಲಿ ನಿನ್ನನ್ನು ಹತ್ತಿಸಿಕೊಂಡು ಮುದ್ದೇಬಿಹಾಳದ ತಂಗಿಯ ಮನೆಗೆ ಹೋಗುವುದು ನಮ್ಮ ರೂಢಿ. ಹಿಂದಿನ ಸೀಟಿನಲ್ಲಿ ನೀನು, ನಿನ್ನ ತೊಡೆಯ ಮೇಲೆ ಅವ್ವನ ಹಿತ್ತಾಳೆ ಡಬ್ಬಿ, ಅದರ ತುಂಬ ಶೇಂಗಾ ಹೋಳಿಗೆ. ದೇವರ ಹಿಪ್ಪರಗಿ ದಾಟಿದ ಮೊದಲ ಉಬ್ಬಿಗೇ — ಟಕ್. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕು ಎಂದೆ. ನೀನು ಹಾಕಿದೆ. ಟಕ್. ಟವೆಲ್ ಸುತ್ತಿದೆ. ಟಕ್. ಬಸವನ ಬಾಗೇವಾಡಿ ಬರುವಷ್ಟರಲ್ಲಿ ನೀನು ಅದನ್ನು ಕೂಸಿನಂತೆ ಅವಚಿಕೊಂಡು ಕೂತಿದ್ದೆ.

“ಶಿಸ್ತ ಅನ್ನೂದ ಇಲ್ಲ ನಿನಗ,” ಎಂದು ಗದರಿದೆ.

“ಡಬ್ಬಿಗೆ ಎಲ್ಲಿಂದ ಶಿಸ್ತ ತರ್ಲೋ, ಮಾಸ್ತರ?”

ಮುಂದಿನ ವಾರ ಕಾರು ತೊಳೆಸಲು ಮೇಲೆತ್ತಿದಾಗ ಕಂಡಿತು. ಸೈಲೆನ್ಸರ್ ಪೈಪಿನ ಒಂದು ಕಡೆ ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ಹಿಂದೆ ಭಾರ ಬಿದ್ದಾಗ — ಭಾರ ಎಂದದ್ದಕ್ಕೂ ಕ್ಷಮೆ ಇರಲಿ — ನನ್ನ ದಪ್ಪ ರಾಡ್ ಅದಕ್ಕೆ ಬಡಿಯುತ್ತಿತ್ತು. ಪೈಪನ್ನು ಸರಿಸಿ ಬಿಗಿಸಿದೆ. ಯಾರಿಗೂ ಹೇಳಲಿಲ್ಲ. ನನ್ನಂಥವನ ಕೆಲಸದಲ್ಲಿ ತಪ್ಪು ಎಂದರೆ...

ಮರುತಿಂಗಳು ನೀನು ಪ್ಲಾಸ್ಟಿಕ್ ಡಬ್ಬಿ ಹಿಡಿದು ಹತ್ತಿದೆ. ಅವ್ವನ ಡಬ್ಬಿ ಎಲ್ಲಿ ಎಂದೆ.

“ಬಾಂಡೆ ಮಾರಾಂವಗ ಹಾಕಿದ್ನೋ ತಮ್ಮಾ. ನಿನಗ ಕಿರಿಕಿರಿ ಯಾಕ?”

ಮುದ್ದೇಬಿಹಾಳದ ತನಕ ಒಂದು ಸಪ್ಪಳವೂ ಇಲ್ಲ. ಇಳಿಯುವಾಗ ನೀನೇ ಅಂದೆ: “ನೋಡು, ನೀ ಹೇಳಿದ್ದ ಖರೇ ಆತು.”

ನಾನು ‘ಹೂಂ’ ಎಂದೆ.

ಅಕ್ಕಾ, ಆ ‘ಹೂಂ’ — ಅದೇ ನನ್ನ ಅಪರಾಧ. ರಾಡಿನದು ಬರೀ ತಪ್ಪು. ಅಂದಿನಿಂದ ನಿನ್ನ ಹೋಳಿಗೆಗೆ ಪ್ಲಾಸ್ಟಿಕ್ ವಾಸನೆ. ನೀನೋ ಬಂದವರಿಗೆಲ್ಲ ‘ನಮ್ಮ ತಮ್ಮನ ಕಿವಿ ಭಾಳ ಚುರುಕ’ ಎಂದು ಹೊಗಳುತ್ತೀ. ನಾನು ತಲೆ ತಗ್ಗಿಸಿ ಎರಡನೆಯ ಹೋಳಿಗೆಗೆ ಕೈ ಹಾಕುತ್ತೇನೆ.

ಅವ್ವನ ಡಬ್ಬಿಗಾಗಿ ತಾಳಿಕೋಟೆಯವರೆಗೂ ಬಾಂಡೆ-ಪಾತ್ರೆ ಅಂಗಡಿಗಳಲ್ಲಿ ಹುಡುಕಿದೆ. ಸಿಗಲಿಲ್ಲ, ಕರಗಿಸಿರಬೇಕು. ಹೊಸದು ಕೊಡಿಸಬಹುದು, ಆದರೆ ಅದೂ ಬೇರೆ ಗಾಡಿಯ ಭಾಗ ತಂದು ಬಡಿದು ಹೊಂದಿಸಿದಂತೆಯೇ. ನಿನ್ನೆ ದಪ್ಪ ರಾಡ್ ಬಿಚ್ಚಿಸಿ ಹಳೆಯದನ್ನೇ ಹಾಕಿಸಿದೆ. ಕಾರು ಮತ್ತೆ ವಾಲುತ್ತದೆ. ವಾಲಲಿ.

ಸೋಮವಾರ ಸಿಂದಗಿಗೆ ಬರುತ್ತೇನೆ. ನೀನು ಕಾರು ಹತ್ತುವ ಮೊದಲೇ ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಹತ್ತುವುದೋ, ಬಸ್ಸಿಗೆ ಹೋಗುವುದೋ — ನಿನಗೆ ಬಿಟ್ಟದ್ದು. ನೀನು ತೀರ್ಮಾನಿಸುವ ತನಕ ನಿನ್ನ ಬಾಗಿಲ ಮುಂದೆ, ಬಿಸಿಲಲ್ಲಿ, ನೆಟ್ಟಗೆ ನಿಂತಿರುತ್ತೇನೆ.