ನೀಲವ್ವನಿಗೆ ಹಾಕದ ಓಟು

ಇಂಡಿಯಲ್ಲಿ ಮನೆ ಮಾಡಿದ ಮೊದಲ ಬೆಳಿಗ್ಗೆ ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, “ನೀರು ಬಂದಾವ್ರಿ, ಲಗೂನ ಬರ್ರಿ” ಎಂದರು. ‘ಬಂದಾವ್ರಿ’ ಮಾತ್ರ ಕಿವಿಗೆ ಬಿದ್ದು, ಯಾರೋ ನೆಂಟರು ಬಂದಿದ್ದಾರೆಂದು ಸೆರಗು ಸರಿಮಾಡಿಕೊಂಡು ಹೊರಗೆ ಓಡಿದೆ. ಬಂದದ್ದು ನಲ್ಲಿಯ ನೀರು. ಹೊಳೆನರಸೀಪುರದಲ್ಲಿ ನೀರು ‘ಬರುತ್ತದೆ’; ಇಲ್ಲಿ ನೀರಿಗೂ ಬಹುವಚನ. ಕನ್ನಡದಿಂದ ಕನ್ನಡಕ್ಕೆ ಬಂದವಳಿಗೂ ಇಷ್ಟು ದೂರವೆನಿಸುತ್ತದೆಯೇ ಎಂದು ಗಾಬರಿಯಾಯಿತು.

ನಮ್ಮ ಹಾಸನದ ಕಡೆಯವರು ಬೇಕರಿ ಇಡಲು ಎಲ್ಲಿಗಾದರೂ ಹೋಗುತ್ತಾರೆ. ನಾನೂ ನನ್ನ ಗಂಡನೂ ಬಸ್ ನಿಲ್ದಾಣದ ಎದುರು ಅಂಗಡಿ ಹಾಕಿದೆವು. ಮನೆ ಮಾತ್ರ ಬೇಗ ಸಿಗಲಿಲ್ಲ. “ಯಾವೂರವ್ರು? ಯಾರ ಪೈಕಿ?” ಎಂದು ಕೇಳಿ ಕದ ಮುಚ್ಚುತ್ತಿದ್ದರು. ಕೊನೆಗೆ ಟೋಸ್ಟ್ ಕೊಳ್ಳಲು ಬರುತ್ತಿದ್ದ ನೀಲವ್ವ, ಅಂಗನವಾಡಿ ಕೆಲಸದಿಂದ ನಿವೃತ್ತರಾದವರು, ಒಬ್ಬ ಮನೆ ಮಾಲೀಕರ ಕಟ್ಟೆಯ ಮೇಲೆ ಕುಳಿತು, “ಇವ್ರಿಗೆ ನಾ ಜಾಮೀನ” ಎಂದರು. ಮುದ್ದೆ ಕಟ್ಟುವ ಕೈಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದವರೂ ಅವರೇ. ತಿಂಗಳುಗಟ್ಟಲೆ ಹರಿದ ರೊಟ್ಟಿಗಳ ನಂತರ ಒಂದು ಇಡಿಯಾಗಿ ಉಬ್ಬಿದಾಗ, “ಅಡ್ಡಿಯಿಲ್ಲ” ಎಂದರು. ಇಲ್ಲಿ ಅದು ದೊಡ್ಡ ಹೊಗಳಿಕೆ.

ಪುರಸಭೆ ಚುನಾವಣೆ ಬಂತು. ಊರಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ ಇಲ್ಲಿ ಸೇರಿಸಿದ್ದೆ. ನಮ್ಮ ವಾರ್ಡಿಗೆ ಮೂವರು ನಿಂತರು. ಒಬ್ಬ, “ಹೊರಗಿನವ್ರ ಅಂಗಡಿ ಬಸ್ ಸ್ಟ್ಯಾಂಡ್ ಮುಂದ ಇರಂಗಿಲ್ಲ. ಗೆದ್ರ ತೆಗಸ್ತೇನಿ” ಎಂದು ಓಣಿ ಓಣಿ ಹೇಳಿಕೊಂಡು ತಿರುಗಿದ. ಇನ್ನೊಬ್ಬ ಗೆದ್ದರೆ ಒಳ್ಳೆಯದನ್ನೂ ಮಾಡುವವನಲ್ಲ, ಕೆಟ್ಟದ್ದನ್ನೂ ಮಾಡುವವನಲ್ಲ. ಮೂರನೆಯವರು ಪಕ್ಷವಿಲ್ಲದ ನೀಲವ್ವ.

ಊರಲ್ಲಿದ್ದಾಗ ಅಪ್ಪ ಹೇಳಿದ ಗುರುತಿಗೆ ಒತ್ತಿ ಬರುತ್ತಿದ್ದೆ. ಇಲ್ಲಿ ಮೊದಲ ಬಾರಿಗೆ ನಾನೇ ತೂಗಿ ನೋಡಬೇಕಾಯಿತು.

“ನೀಲವ್ವ ಗೆಲ್ಲಲ್ಲ ಕಣೆ. ಅವರಿಗೆ ಹಾಕಿದ್ರೆ ಅಂಗಡಿ ಕೀಳಿಸೋನೇ ಗೆಲ್ತಾನೆ,” ಎಂದರು ನನ್ನ ಗಂಡ. ಮಾತು ಸುಳ್ಳಾಗಿರಲಿಲ್ಲ. ಮತಯಂತ್ರದ ಮುಂದೆ ನೀಲವ್ವನ ಹೊಲಿಗೆ ಯಂತ್ರದ ಗುರುತು ಕಂಡಿತು. ಬೆರಳು ಅಲ್ಲಿ ತುಸು ತಡೆಯಿತು, ಆಮೇಲೆ ಅದರ ಮೇಲಿದ್ದ ಎರಡನೆಯವನ ಗುಂಡಿ ಒತ್ತಿತು.

ಎರಡನೆಯವನು ಕೂದಲೆಳೆಯ ಅಂತರದಲ್ಲಿ ಗೆದ್ದ. ಅಂಗಡಿ ಉಳಿಯಿತು. ನೀಲವ್ವ ಠೇವಣಿ ಕಳೆದುಕೊಂಡರು.

ಎರಡು ದಿನದ ನಂತರ ಅವರು ಎಂದಿನಂತೆ ಟೋಸ್ಟ್ ಕೊಳ್ಳಲು ಬಂದರು. ಪೊಟ್ಟಣ ಕಟ್ಟುತ್ತಾ ನನಗೆ ತಡೆಯಲಾಗಲಿಲ್ಲ.

“ಅಮ್ಮಾ, ನಾನು ನಿಮಗೆ ಹಾಕಲಿಲ್ಲ.”

“ಗೊತ್ತೈತಿ ತಂಗಿ. ನಮ್ಮ ತಮ್ಮನೂ ಹಾಕಿಲ್ಲ.”

“ಅಂಗಡಿ ಹೋಗುತ್ತೆ ಅಂತ ಹೆದರಿದೆ. ನೀವು ಗೆಲ್ಲೋದು ಕಷ್ಟ ಅಂತ ಎಲ್ಲರೂ ಅಂದರು.”

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. “ಹೊಟ್ಟಿಪಾಡು ನೋಡೂದು ತಪ್ಪಲ್ಲ,” ಎಂದರು. “ಆದ್ರ ಒಂದು ಮಾತು ಕೇಳ್ತೇನಿ. ಇಕಿ ಗೆಲ್ಲಂಗಿಲ್ಲ ಅಂತ ಎಲ್ಲಾರೂ ಕೈಬಿಟ್ರ, ಇಕಿ ಗೆಲ್ಲೂದು ಹೆಂಗ?”

ದಾರದ ಗಂಟು ಬಿಗಿದು, ಮುಂದಿನ ಸಲ ನಿಲ್ಲುತ್ತೀರಾ ಎಂದು ಕೇಳಿದೆ. “ನೋಡೂಣು” ಎಂದು ಪೊಟ್ಟಣ ಹಿಡಿದು ಹೊರಟರು.

ಅವರಿಗೆ ಹಾಕಿದ್ದರೆ ಅಂಗಡಿ ಉಳಿಯುತ್ತಿತ್ತೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ನಾನು ಮಾಡಿದ್ದು ತಪ್ಪೆಂದು ಹೇಳಲಾರೆ, ಸರಿಯೆಂದು ಹೇಳಲು ನಾಲಿಗೆ ಏಳುವುದಿಲ್ಲ. ಹೊಳೆನರಸೀಪುರದಲ್ಲಿ ಹೆದರದೆ ಓಟು ಹಾಕಬಲ್ಲೆ, ಆದರೆ ಅಲ್ಲಿ ನನಗೀಗ ಓಟಿಲ್ಲ. ಇಂಡಿಯಲ್ಲಿ ಓಟಿದೆ.