ಅಕ್ಕ ನೋಡಿದ ಸಿನಿಮಾ

ಚುರುಮುರಿಯ ಹಸಿ ಈರುಳ್ಳಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚು ಶುರುವಾಗುತ್ತದೆ. ನನಗೆ ದಡಾರ ಎದ್ದಿದ್ದಾಗ ಚಿಕ್ಕಪ್ಪ ಅಕ್ಕನೊಬ್ಬಳನ್ನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ನಮ್ಮೂರು ಹಿನಕಲ್ಲಿನಿಂದ ಪೇಟೆಯ ಟಾಕೀಸಿಗೆ ಹೋದರು. ಕಳೆದುಹೋದ ಕಾಲಕ್ಕೆ ಕರೆದೊಯ್ಯುವ ಯಂತ್ರದ ಸಿನಿಮಾ. ನಾನು ಬೇವಿನ ಸೊಪ್ಪಿನ ಮೇಲೆ ಮಲಗಿ ಅತ್ತೆ.

ಸಂಜೆ ಅವಳು ಈರುಳ್ಳಿ ವಾಸನೆಯ ಕೈಗಳನ್ನು ಆಡಿಸುತ್ತ ಕಥೆ ಹೇಳಿದಳು. "ಹೀರೋನ ಅಮ್ಮ ಸತ್ತೋಗ್ತಾಳೆ ಕಣೋ. ಅವನು ಹಿಂದಕ್ಕೆ ಹೋಗ್ತಾನೆ. ಕೊನೇಲಿ ನೋಡಿದ್ರೆ ಅಮ್ಮ ಒಲೆ ಮುಂದೆ ರೊಟ್ಟಿ ತಟ್ತಾ ಕೂತಿರ್ತಾಳೆ!" ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ನಿನ್ನೆ ಅದೇ ಸಿನಿಮಾ ಮೊಬೈಲಿನಲ್ಲಿ ಸಿಕ್ಕಿತು. ನೋಡಿ ಮುಗಿಸಿದವನೇ ಅಕ್ಕನಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. "ಸುಳ್ಳುಬುರುಕಿ! ಅಮ್ಮ ಕೊನೇಲಿ ಸಾಯ್ತಾಳೆ. ಮಗ ಎಷ್ಟು ಸಲ ಹಿಂದಕ್ಕೆ ಹೋದ್ರೂ ಅವಳು ಉಳಿಯಲ್ಲ."

ಅಕ್ಕ ನಕ್ಕಳು. "ಆವತ್ತು ಟಾಕೀಸ್ನೋರು ರೀಲು ಹಿಂದೆ ಮುಂದೆ ಹಾಕ್ಬುಟ್ಟಿದ್ರಂತೆ ಕಣೋ. ಚಿಕ್ಕಪ್ಪ ಎಷ್ಟೋ ವರ್ಷ ಆದ್ಮೇಲೆ ಹೇಳಿದ್ರು. ಕಾಲ ಹಿಂದೆ ಮುಂದೆ ಆಗೋ ಸಿನಿಮಾ ಅಲ್ವಾ, ಇಂಗೇ ಇರ್ಬೇಕು ಅಂತ ಯಾರೂ ಗಲಾಟೆ ಮಾಡ್ಲಿಲ್ಲ."

ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಾಯಿತು. ನಾನು ಎಷ್ಟು ಸಲ ನೋಡಿದರೂ ಆ ಅಮ್ಮ ಸಾಯುತ್ತಾಳೆ. ಅಕ್ಕನಿಗೆ ಮಾತ್ರ ಅವಳು ಇನ್ನೂ ರೊಟ್ಟಿ ತಟ್ಟುತ್ತಿದ್ದಾಳೆ.