ಹಾಲಕ್ಕಿ ಹೊಕ್ಕ ಮನೆಯ ಮುದ್ದಮ್ಮ

ಹೆಡತಲೆ ಊರಿನ ಮುದ್ದಮ್ಮನನ್ನು ನೀವು ನಂಜನಗೂಡಿನಲ್ಲಿ ಎಲ್ಲಾದರೂ ನೋಡಿಯೇ ಇರುತ್ತೀರಿ. ಅಲ್ಲಿನ ಅರ್ಧಕ್ಕರ್ಧ ತಾರಸಿ ಮನೆಗಳಿಗೆ ಗಾರೆ ಬಾಂಡ್ಲಿ ಹೊತ್ತವಳು ಅವಳು. ಹೊತ್ತದ್ದಷ್ಟೇ. ಗಾರೆ ಕೆಲಸದಲ್ಲಿ ಹೆಂಗಸಿಗೆ ಬಾಂಡ್ಲಿ, ಗಂಡಸಿಗೆ ಕರಣೆ. ಗೋಡೆ ಮೆತ್ತುವ ಆ ಕರಣೆಯನ್ನು ಯಾವ ಮೇಸ್ತ್ರಿಯೂ ಹೆಣ್ಣಾಳಿನ ಕೈಗೆ ಕೊಡುವುದಿಲ್ಲ. ಯಾಕೆಂದು ಕೇಳಿದರೆ ನಗುತ್ತಾರೆ. ಆ ನಗು ಕಂಡರೆ ಎಂಥವರಿಗೂ ಮೈ ಉರಿಯಬೇಕು.

ಅದಕ್ಕೇ ತನ್ನ ಸ್ವಂತ ಮನೆ ಕಟ್ಟುವಾಗ ಗೋಡೆ ಎದ್ದು ತಾರಸಿಯ ಮೌಲ್ಡು ಮುಗಿದದ್ದೇ ಅವಳು ಮೇಸ್ತ್ರಿಯನ್ನು ಕಳಿಸಿಬಿಟ್ಟಳು. ಗೋಡೆಗೆ ಗಾರೆ ಮೆತ್ತುವ ಗಿಲಾವು ಕೆಲಸ ತಾನೇ ಮಾಡಿದಳು. ಪ್ರತಿ ಭಾನುವಾರ ಗಂಡ ನಿಂಗರಾಜು ಬಾಂಡ್ಲಿ ಹೊತ್ತುಕೊಟ್ಟ, ಇವಳು ಕರಣೆ ಹಿಡಿದಳು. ಊರು ಬಿದ್ದು ಬಿದ್ದು ನಕ್ಕಿತು. ಗೋಡೆ ಮಾತ್ರ ಕೈಯಾಡಿಸಿದರೆ ಜಾರುವಷ್ಟು ನುಣ್ಣಗೆ ಬಂತು. ಅಲ್ಲಿಯವರೆಗೆ ಗಂಡ ಹೆಂಡತಿ ಇದ್ದದ್ದು ಗಂಡನ ಅಣ್ಣ ಗೋವಿಂದಯ್ಯನವರ ಮನೆಯ ಒಂದು ಸೋರುವ ಕೋಣೆಯಲ್ಲಿ. ದೀಪ ಹಾಕಬೇಕಾದರೂ ಭಾವನ ಮುಖ ನೋಡಬೇಕಿತ್ತು.

ಬುದ್ಧನ ಪಟ ಇಟ್ಟು ಹಾಲುಕ್ಕಿಸಿ ಎರಡು ದಿನವಾಗಿರಲಿಲ್ಲ. ಇನ್ನೂ ಗಾಜು ಹಾಕಿರದ ವೆಂಟಿಲೇಟರಿನಿಂದ ಸಂಜೆ ಒಂದು ಹಕ್ಕಿ ಒಳಗೆ ನುಗ್ಗಿ ಗೋಡೆಯ ಸಜ್ಜೆಯ ಮೇಲೆ ಕೂತಿತು. ಮುಷ್ಟಿಗಿಂತ ತುಸು ದೊಡ್ಡದು, ಕಂದು ಮೈಮೇಲೆ ಬಿಳಿ ಚುಕ್ಕಿ, ದೊಡ್ಡ ಹಳದಿ ಕಣ್ಣು. ಕತ್ತು ಮೇಲೆ ಕೆಳಗೆ ಕುಣಿಸುತ್ತ ಮುದ್ದಮ್ಮನನ್ನೇ ನೋಡತೊಡಗಿತು.

ಗೂಬೆ! ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಗೂಬೆ ಹೊಕ್ಕ ಮನೆಗೆ ಬೀಗ ಹಾಕಿ ಮೂರು ತಿಂಗಳು ಹೊರಗಿರಬೇಕೆಂದು ಕೇಳಿಕೊಂಡೇ ಬೆಳೆದವಳು ತಾನೆ. ಸುದ್ದಿ ಹಬ್ಬಿ ಬೀದಿಗೆ ಬೀದಿಯೇ ಬಂತು. ಯಾರ ಮೇಲೆ ಗೂಬೆ ಕೂರಿಸೋಣ ಎಂದು ದಿನಾ ಕಾಯುವ ಜನಕ್ಕೆ ಗೂಬೆಯೇ ಬಂದು ಕೂತಿದೆ ಎಂದರೆ ಕೇಳಬೇಕೆ! ಗೋವಿಂದಯ್ಯನವರು ಹೊಸಲಾಚೆಯೇ ನಿಂತರು. ಬೆಳಿಗ್ಗೆ ಎದ್ದು ಬುದ್ಧನ ಪಂಚಶೀಲ ಹೇಳುವ ಮನುಷ್ಯ, ಗೂಬೆ ಎಂದರೆ ಮಾತ್ರ ಹೆದರಿಕೆ.

“ಬೀಗ ಆಕವ್ವ. ನಮ್ ಕೋಣೆ ಖಾಲಿ ಅದೆ, ಬಂದ್ಬುಡಿ,” ಎಂದರು. “ಎಂಗಸು ಕರಣೆ ಮುಟ್ಟಿದ್ ಮನೆ, ಇಂಗಾಯ್ತದೆ ಅಂತ ನಂಗೆ ಆಗ್ಲೇ ಅನ್ಸಿತ್ತು.”

ನಿಂಗರಾಜು ಹಾಸಿಗೆ ಸುತ್ತಿದ. ಮುದ್ದಮ್ಮನೂ ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದಳು. ಭಾವನ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಅವಳ ಕೈ ನಿಂತಿತು. ಎಲ್ಲಿತ್ತೋ ರೋಷ, ಉಕ್ಕಿಬಂತು.

“ನಾ ಬರಾಕಿಲ್ಲ ಭಾವ. ನೀವು ನಡೀರಿ.”

“ಸಾಯ್ತೀಯ ಕಣವ್ವ!”

“ಸತ್ರೆ ನನ್ ಮನೇಲೇ ಸಾಯ್ತೀನಿ.”

ಹಾಸಿಗೆ ಹೊತ್ತ ಗಂಡ ಅಣ್ಣನ ಹಿಂದೆ ಹೋದ. ಮುದ್ದಮ್ಮ ಬರಿ ನೆಲದಲ್ಲಿ, ತಾನು ಮೆತ್ತಿದ ಗೋಡೆಗೆ ಒರಗಿ ಕೂತಳು. ಹೆದರಿಕೆ ಇತ್ತು, ಇಲ್ಲ ಅಂದರೆ ಸುಳ್ಳು. ಆದರೂ ಏಳಲಿಲ್ಲ.

ಬೆಳಕು ಹರಿಯುವಾಗ ಬುಡುಬುಡಿಕೆ ಕಾಂತರಾಜು ಬೀದಿಗೆ ಬಂದ. ಮೂಗೂರಿನ ಕಡೆಯವನು. ಹಾಲಕ್ಕಿ ಎಂಬ ಹಕ್ಕಿಯ ಕೂಗು ಕೇಳಿ ಶಕುನ ಹೇಳುವುದು ಅವನ ಮನೆತನದ ಕಸುಬು. ಮುದ್ದಮ್ಮ ಇದ್ದಾಳೋ ಹೋದಳೋ ನೋಡಲು ಗೋವಿಂದಯ್ಯನವರೂ ತಮ್ಮನನ್ನು ಕರೆದುಕೊಂಡು ಬಂದಿದ್ದರು. ಅಷ್ಟರಲ್ಲಿ ಸಜ್ಜೆಯ ಮೇಲಿನ ಹಕ್ಕಿ ಕಿಚಕಿಚ ಚೀರಿತು. ಕಾಂತರಾಜು ಬುಡುಬುಡಿಕೆ ನಿಲ್ಲಿಸಿ, ಬಾಗಿಲಿಗೆ ಬಂದು ಒಳಗೆ ಇಣುಕಿ ಕೈಮುಗಿದ.

“ಹಾಲಕ್ಕಿ ಕಣ್ರವ್ವ! ಇದರ ನುಡಿ ಕೇಳಕ್ಕೆ ನಾವು ಊರೂರು ಅಲೀತೀವಿ, ನಿಮ್ಮನೇಗೆ ಅದೇ ಬಂದು ಕೂತದೆ. ಶುಭ ನುಡೀತಾದೆ!”

ನೋಡಿ ನಮ್ಮ ಜನರ ಚೆಂದ. ಮರದ ಪೊಟರೆಯಲ್ಲಿ ಕೂಗಿದರೆ ಹಾಲಕ್ಕಿ, ಅದರ ಹೆಸರಲ್ಲಿ ಬುಡುಬುಡಿಕೆಯವನ ಜೋಳಿಗೆಗೆ ಮೊರ ತುಂಬ ರಾಗಿ ಸುರಿಯುತ್ತಾರೆ. ಮನೆಯೊಳಗೆ ಮುಖ ತೋರಿಸಿದರೆ ಗೂಬೆ, ಮನೆ ಬಿಟ್ಟು ಓಡುತ್ತಾರೆ. ಹಕ್ಕಿ ಒಂದೇ.

ಗೋವಿಂದಯ್ಯನವರ ಮುಖ ಅರಳಿತು. “ಹಾಲಕ್ಕಿ ಅನ್ನು ಮತ್ತೆ! ನೋಡ್ದಾ ಮುದ್ದಮ್ಮ, ಅದರ ದಯದಿಂದ ನಿನ್ ಮನೆ ಉಳೀತು.”

ನಿಂಗರಾಜು ಯಾರೂ ಹೇಳದೆ ಹಾಸಿಗೆ ತರಲು ಓಡಿದ. ಮುದ್ದಮ್ಮ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನುವವಳೇ ಅವಳು? ಕಾಂತರಾಜುವಿನ ಜೋಳಿಗೆಗೆ ರಾಗಿ ಹಾಕಿ, “ಇದು ಶಕುನಕ್ಕಲ್ಲ ಕಣಣ್ಣ. ಎಲ್ಲಾರೂ ದೂರ ನಿಂತಾಗ ನೀನು ಬಾಗ್ಲಿಗ್ ಬಂದ್ಯಲ್ಲ, ಅದಕ್ಕೆ,” ಎಂದಳು. ಆಮೇಲೆ ಭಾವನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಅಳುಕಿರಲಿಲ್ಲ.

“ಶುಭ ಅಂತ ನಾ ಉಳ್ಕಳ್ಳಿಲ್ಲ ಭಾವ. ಕೆಟ್ಟದ್ದು ಅಂತ್ಲೇ ನಂಬ್ಕಂಡು ರಾತ್ರಿಯೆಲ್ಲ ಇಲ್ಲೇ ಕೂತಿದ್ದೆ. ಈ ಮನೆ ಉಳ್ಸಿದ್ದು ಹಾಲಕ್ಕಿ ಅಲ್ಲ, ನಾನು. ಅದು ಇರೋದಾದ್ರೆ ಇರ್ಲಿ, ಸಜ್ಜೆ ಬಿಟ್ಕೊಡ್ತೀನಿ. ನೀವೂ ಒಳಕ್ ಬನ್ನಿ, ಕಾಪಿ ಕಾಯಿಸ್ತೀನಿ.”

ಗೋವಿಂದಯ್ಯನವರು ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಹೊಸಲು ದಾಟಿದರು.

“ನಾ ಎಲ್ಲಿ ಕೂತ್ಕಳ್ಳವ್ವ?” ಎಂದು ಕೇಳಿದರು.